ಬಲೆಯ ಬಣ್ಣದ ಕೋಳಿಗಳು

ಗುಣವತಿಯ ಸೆರಗು ಕೊಡವಿಸಿದ ದಿನ, ತಾನೊಬ್ಬ ಕಳ್ಳಿಯನ್ನು ಹಿಡಿದೆ ಎಂದುಕೊಂಡ ಉಲ್ಲಾಸ. ನಿಜ ಹೇಳಬೇಕೆಂದರೆ ಅವತ್ತಿನವರೆಗೆ ಅಲ್ಲಿ ಕಳ್ಳಿ ಯಾರೂ ಇರಲಿಲ್ಲ. ಅವಳನ್ನು ಕಳ್ಳಿ ಮಾಡಿದವನು ಅವನೇ.

ಸಿದ್ದಾಪುರ ರಸ್ತೆಯಲ್ಲಿ ಅವನದೊಂದು ಮೊಟ್ಟೆ ಕೋಳಿಯ ಫಾರಂ. ಉದ್ದನೆಯ ಶೆಡ್ಡು, ಅದರೊಳಗೆ ತಂತಿ ಗೂಡುಗಳ ಸಾಲು, ಒಂದೊಂದು ಗೂಡಿನಲ್ಲಿ ನಾಲ್ಕು ನಾಲ್ಕು ಬಿಳಿ ಕೋಳಿ. ರೆಕ್ಕೆ ಬಿಚ್ಚಲು ಜಾಗವಿಲ್ಲ. ಒಂದು ತಿರುಗಿ ನಿಲ್ಲಬೇಕಾದರೆ ಮತ್ತೊಂದರ ಮೈ ಹತ್ತಬೇಕು. ಮೊಟ್ಟೆ ಇಡುವಷ್ಟು ಕಾಲವೂ ಅವು ನೆಲ ಅನ್ನುವುದನ್ನು ಕಾಣುವುದಿಲ್ಲ. ಗುಣವತಿ ಗಂಗೊಳ್ಳಿಯವಳು. ಗಂಡ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಮೀನು ಬುಟ್ಟಿ ಹೊರೋಣವೆಂದರೆ ಸೊಂಟ ಕೇಳಲಿಲ್ಲ. ಎರಡು ಬಸ್ಸು ಹತ್ತಿ ಇಳಿದು ಈ ಶೆಡ್ಡಿಗೆ ಬರತೊಡಗಿ ಹನ್ನೊಂದು ವರ್ಷವಾಗಿತ್ತು. ಹಿಟ್ಟು ಹಾಕುವುದು, ಮೊಟ್ಟೆ ಹೆಕ್ಕುವುದು, ಸತ್ತದ್ದನ್ನು ಗೂಡಿನಿಂದ ಎಳೆದು ಹೊರಗೆ ಹಾಕುವುದು ಅವಳ ಕೆಲಸ.

ಆ ಸಲ ಮೊಟ್ಟೆ ಕಡಿಮೆಯಾಯಿತೆಂದು ಉಲ್ಲಾಸ ಹಿಟ್ಟಿನ ಕೋಣೆಗೆ ಬೀಗ ಹಾಕಿದ. ಕೆಲವು ದಿನ ಕೋಳಿಗಳಿಗೆ ಬರೀ ನೀರು ಕೊಟ್ಟು ಇಟ್ಟರೆ ಹಳೇ ಗರಿ ಉದುರಿ, ಮೈ ಇಳಿದು, ಆಮೇಲೆ ಹಿಟ್ಟು ಕೊಟ್ಟಾಗ ಹೊಸದಾಗಿ ಮೊಟ್ಟೆಗೆ ಬರುತ್ತವೆ. ಒಂದಷ್ಟು ಸಾಯುತ್ತವೆ. ಹಾಗೆ ಹಸಿವಿಗೆ ಹಾಕಬಾರದೆಂದು ಸರಕಾರದವರು ಹೇಳಿದ್ದಾರಂತೆ ಎಂದು ಅವಳು ಕೇಳಿದ್ದಳು. ಹೇಳಿದವರು ಯಾರೂ ಶೆಡ್ಡಿನೊಳಗೆ ಬಂದದ್ದನ್ನು ಮಾತ್ರ ಕಂಡಿರಲಿಲ್ಲ.

“ಒಡೆದೀರೆ, ಪಾಪದ್ ಜೀವಕ್ಕೆ ಇದೆಂತ ಶಿಕ್ಷೆ?” ಎಂದು ಧಣಿಯನ್ನು ಕೇಳಿದಳು.

“ನೀವ್ ಏಕಾದಶಿ ಮಾಡುದಿಲ್ಯಾ ಗುಣವತಕ್ಕ? ಇದೂ ಹಾಂಗೇ ಅಂದ್ಕಣಿ,” ಅಂದ ಉಲ್ಲಾಸ.

“ಏಕಾದಶಿ ಮಾಡುವವ್ರನ್ನ ಗೂಡಂಗ್ ಹಾಕಿ ಬೀಗ ಹಾಕುದಿಲ್ಲೆ.”

ಅವನು ನಕ್ಕ. ನಗುವಷ್ಟು ಹೊಟ್ಟೆ ತುಂಬಿದವನು.

ಹಸಿದ ಕೋಳಿ ಕೂಗುವುದಿಲ್ಲ. ಮೊದಲ ದಿನ ಕೂಗುತ್ತದೆ, ಮರುದಿನ ಖಾಲಿ ತೊಟ್ಟಿಯನ್ನು ಕುಟ್ಟುತ್ತದೆ, ಆಮೇಲೆ ಕುತ್ತಿಗೆ ಹೊರಗೆ ಹಾಕಿ ಮನುಷ್ಯರ ಕೈಯನ್ನೇ ನೋಡುತ್ತದೆ. ಅಷ್ಟು ಸಾವಿರ ಕಣ್ಣು ತನ್ನ ಕೈ ನೋಡುವಾಗ ಗುಣವತಿಗೆ ಮಧ್ಯಾಹ್ನದ ಗಂಜಿ ಇಳಿಯಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೇ ಚೀಲಗಳನ್ನು ಬಡಿದು ಉಳಿದ ಹಿಟ್ಟನ್ನು ಸೆರಗಿಗೆ ಹಾಕಿಕೊಂಡು, ಬಾಗಿಲ ಹತ್ತಿರದ ಗೂಡುಗಳಿಗೆ ಚಿಟಿಕೆ ಚಿಟಿಕೆ ಹಂಚುತ್ತಿದ್ದಳು. ಆಗ ಉಲ್ಲಾಸ ಬಂದ. ಕೆಲಸದವರೆಲ್ಲ ನೋಡುತ್ತಿದ್ದಂತೆ ಸೆರಗು ಬಿಡಿಸಲು ಹೇಳಿದ. ಹಿಟ್ಟು ನೆಲಕ್ಕೆ ಸುರಿಯಿತು.

“ಹೀಂಗೆ ಮನಿಗ್ ಎಷ್ಟ್ ಹೋಯಿತ್? ಹನ್ನೊಂದ್ ವರ್ಷ ನಾನ್ ಸಾಂಕದ್ದ್ ಕಳ್ಳಿನ್ನಾ?”

ಅವಳು ಖಾಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನ ಹಿಟ್ಟನ್ನು ಅವನ ಕೋಳಿಗೇ ಹಾಕಿದ್ದು ಕಳ್ಳತನವಾದರೆ, ನಿಜವಾದ ಕಳ್ಳತನ ಹೇಗಿರುತ್ತದೆಂದು ಇವನಿಗೆ ಗೊತ್ತಿಲ್ಲ ಅಂತ ಬಸ್ಸಿನ ಕಿಟಕಿಗೆ ತಲೆ ಆನಿಸಿ ಯೋಚಿಸಿದಳು. ಹೆಸರಂತೂ ಬಂದಾಯಿತು. ಇನ್ನು ಆ ಹೆಸರಿಗೆ ತಕ್ಕ ಕೆಲಸ ಮಾಡದಿದ್ದರೆ ಹೆಸರಿಗೇ ಅವಮಾನ. ಕೈಲಾದಷ್ಟು ಕೋಳಿಗಳನ್ನು ಈ ಹಸಿವಿನಿಂದ ಜೀವಂತ ಹೊರಗೆ ತೆಗೆಯಬೇಕು, ತನ್ನ ಅಂಗಳದಲ್ಲಿ ಸಾಯುವವರೆಗೆ ಸಾಕಬೇಕು. ಸಿಕ್ಕಿಬಿದ್ದರೆ ಅವು ಮತ್ತೆ ಗೂಡಿಗೆ, ತಾನು ಪೊಲೀಸ್ ಠಾಣೆಗೆ. ಆದ್ದರಿಂದ ಸಿಕ್ಕಿಬೀಳುವಂತಿಲ್ಲ.

ಕೆಲಸ ಬಿಡುತ್ತಾಳೆಂದು ಎಲ್ಲರೂ ಎಣಿಸಿದ್ದರು. ಮರುದಿನ ಎಲ್ಲರಿಗಿಂತ ಮೊದಲು ಬಂದಳು.

ಕಳ್ಳರು ಕತ್ತಲೆಗೆ ಕಾಯುತ್ತಾರೆ. ಗುಣವತಿ ನಡುಹಗಲನ್ನು ಆರಿಸಿಕೊಂಡಳು. ಫಾರಮ್ಮಿನಲ್ಲಿ ಕ್ಯಾಮೆರಾ ಇದ್ದದ್ದು ಎರಡೇ ಕಡೆ: ಗೇಟಿಗೊಂದು, ಹಿಟ್ಟಿನ ಕೋಣೆಗೊಂದು. ಹಿಟ್ಟಿಗೆ ಕಾವಲಿತ್ತು, ಕೋಳಿಗೆ ಇರಲಿಲ್ಲ. ಸತ್ತ ಕೋಳಿಗಳನ್ನು ಚೀಲದಲ್ಲಿ ತುಂಬಿ ಹಿಂದಿನ ಗೇರು ಹಿತ್ತಿಲಿನ ಗುಂಡಿಗೆ ಹಾಕುವವಳು ಅವಳೇ. ಆ ಚೀಲದ ಹತ್ತಿರ ಯಾರೂ ಸುಳಿಯುವುದಿಲ್ಲ. ಉಲ್ಲಾಸನಂತೂ ದೂರದಿಂದಲೇ ಮೂಗಿಗೆ ಕರವಸ್ತ್ರ ಹಿಡಿಯುತ್ತಾನೆ. ಎಷ್ಟು ಸತ್ತವು ಎಂದು ಕೇಳುತ್ತಾನೆ, ಹೇಳಿದ್ದನ್ನು ನಂಬುತ್ತಾನೆ. ಕಳ್ಳಿ ಎಂದವಳ ಬಾಯಿಯಿಂದ ಸತ್ತವುಗಳ ಲೆಕ್ಕ ಕೇಳಿ ನಂಬುವುದು ಎಂಥ ಬುದ್ಧಿಯೆಂದು ಅವಳು ತನ್ನೊಳಗೇ ನಕ್ಕಳು. ದಿನಕ್ಕೆ ಎರಡೋ ಮೂರೋ ಹೆಚ್ಚು ಹೇಳಿದಳು. ಅಷ್ಟು ಕೋಳಿ ಜೀವಂತವಾಗಿ ಚೀಲದ ತಳದಲ್ಲಿ ಹೋದವು, ಮೇಲೆ ಸತ್ತವು. ಕತ್ತಲೆಯಲ್ಲಿ ಕೋಳಿ ಗಪ್ಪಾಗುತ್ತದೆ. ಹಸಿದ ಕೋಳಿ ಇನ್ನೂ ಗಪ್ಪು. ಉಸಿರಾಡಲು ಚೀಲದ ಬದಿಗೆ ಕತ್ತಿಯಿಂದ ತೂತು ಮಾಡಿದ್ದಳು.

ಗುಂಡಿಯ ಆಚೆ ಬೇಲಿ, ಬೇಲಿಯ ಆಚೆ ರಸ್ತೆ. ಅವಳ ತಮ್ಮ ಬಚ್ಚ ಬೆಳಿಗ್ಗೆ ಗಂಗೊಳ್ಳಿಯಿಂದ ಸಿದ್ದಾಪುರಕ್ಕೆ ಟೆಂಪೋದಲ್ಲಿ ಮೀನು ಹಾಕಿ ಮಧ್ಯಾಹ್ನ ಖಾಲಿ ಕ್ರೇಟುಗಳೊಂದಿಗೆ ಅದೇ ರಸ್ತೆಯಲ್ಲಿ ತಿರುಗುತ್ತಾನೆ. ಬಂಗುಡೆಯ ನೀರು ಸುರಿಯುವ ಟೆಂಪೋವನ್ನು ಯಾವ ಪೊಲೀಸನೂ ತಡೆದು ಮೂಸಿ ನೋಡುವುದಿಲ್ಲ.

“ಅಕ್ಕ, ನಂಗೆಂತ ಜೈಲಂಗ್ ಊಟ ಹಾಕ್ಸುಕ್ ಹೊರಟ್ಯಾ?” ಎಂದು ಬಚ್ಚ ಮೊದಲ ದಿನ ಬೆವತ.

“ನಿನ್ ಹೆಂಡ್ತಿ ಅಡ್ಗಿಗಿಂತ ಲಾಯ್ಕಿರ್ತ್, ತಕೊ,” ಎಂದು ಬೇಲಿಯ ಮೇಲಿಂದ ಚೀಲ ದಾಟಿಸಿದಳು.

ಹಿಟ್ಟಿನ ಕೋಣೆಯ ಬೀಗ ತೆಗೆಯುವ ಹೊತ್ತಿಗೆ ಇಪ್ಪತ್ತರ ಹತ್ತಿರ ಕೋಳಿಗಳು ಗಂಗೊಳ್ಳಿಯ ಅವಳ ಹಿತ್ತಿಲು ಸೇರಿದ್ದವು. ಆ ಸಂಜೆ ಉಲ್ಲಾಸನ ಎದುರು ನಿಂತು, “ನಾಳಿಂದ ನಾನ್ ಬತ್ತಿಲ್ಲೆ. ಕಳ್ಳಿನ್ನ ಕೆಲ್ಸಕ್ಕೆ ಇಟ್ಕಂಡ್ರೆ ನಿಮ್ಗೇ ಮರ್ಯಾದಿ ಅಲ್ಲ,” ಎಂದು ಹೇಳಿ ಬಸ್ಸು ಹತ್ತಿದಳು. ಅವನು ಅದನ್ನು ಸಿಟ್ಟು ಎಂದು ತಿಳಿದ.

ಬಿಳಿ ಕೋಳಿ ಬಿಳಿಯಾಗಿ ಉಳಿಯುವಂತಿರಲಿಲ್ಲ. ಗಂಗೊಳ್ಳಿಯಲ್ಲಿ ಯಾರ ಅಂಗಳದಲ್ಲೂ ಅಂಥ ಕೋಳಿಯಿಲ್ಲ. ನೋಡಿದವರು ಫಾರಂ ಕೋಳಿ ಅನ್ನುತ್ತಾರೆ, ಮಾತು ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋಗುತ್ತದೆ. ಇದಕ್ಕೂ ಅವಳ ಬಳಿ ಉಪಾಯವಿತ್ತು. ನೈಲಾನು ಬರುವ ಮೊದಲು ಅವಳ ಅಜ್ಜಿ ನೂಲಿನ ಬಲೆಗಳಿಗೆ ಬಣ್ಣ ಕಟ್ಟುತ್ತಿದ್ದಳು. ಮರದ ಚೆಕ್ಕೆಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ, ಆ ಕೆಂಪು ನೀರಿನಲ್ಲಿ ಬಲೆ ಅದ್ದಿ ಒಣಗಿಸುವುದು. ಉಪ್ಪು ನೀರಿನಲ್ಲಿ ತಿಂಗಳುಗಟ್ಟಲೆ ಇದ್ದರೂ ಬಿಡದ ಬಣ್ಣ ಕೋಳಿಯ ಗರಿ ಬಿಟ್ಟು ಎಲ್ಲಿಗೆ ಹೋಗುತ್ತದೆ? ನೀರು ಪೂರ್ತಿ ಆರಿದ ಮೇಲೆ ಒಂದೊಂದನ್ನೇ ಕಂಕುಳಲ್ಲಿ ಹಿಡಿದು, ಕಣ್ಣಿಗೆ ಬೀಳದಂತೆ ಬಟ್ಟೆಯಲ್ಲಿ ಒತ್ತಿ ಒತ್ತಿ ಬಳಿದಳು. ಎಲ್ಲವೂ ಒಂದೇ ಬಣ್ಣವಾದರೆ ಅದೂ ಅನುಮಾನವೇ ಎಂದು ಕೆಲವಕ್ಕೆ ಅರಸಿನ, ಕೆಲವಕ್ಕೆ ಬಾಣಲೆಯ ಮಸಿ. ಉದುರಿದ ಜಾಗದಲ್ಲಿ ಹೊಸ ಗರಿ ಬಿಳಿಯಾಗಿ ಮೂಡಿದಾಗ ಮತ್ತೆ ಬಳಿದಳು. ಬಿಳಿಚಿಕೊಂಡಿದ್ದ ಜುಟ್ಟುಗಳು ಬಿಸಿಲು ಕಂಡು ತಾವಾಗಿ ಕೆಂಪಾದವು. ಮೊಟ್ಟೆ ಬಿಳಿಯಿರುತ್ತದೆ, ಅದನ್ನು ಯಾರಿಗೂ ಕೊಡುವಂತಿಲ್ಲ. ಇಟ್ಟದ್ದನ್ನೆಲ್ಲ ತಾನೂ ಬಚ್ಚನ ಮನೆಯವರೂ ತಿಂದು ಸಿಪ್ಪೆಯನ್ನು ಪುಡಿ ಮಾಡಿ ಅವಕ್ಕೇ ಹಾಕಿದಳು. ಶೆಡ್ಡಿನಲ್ಲಿ ತಿನ್ನಲು ಕಲಿತದ್ದು ಹಿಟ್ಟು, ಆದ್ದರಿಂದ ಇಲ್ಲಿಯೂ ತೌಡು, ಒಣಮೀನಿನ ಪುಡಿ ಕಲಸಿ ಸೀಳಿದ ಪೈಪಿನಲ್ಲಿ ಇಟ್ಟಳು. ಅವು ತಲೆಯೆತ್ತದೆ ತಿಂದವು.

ಮೊದಲ ವಾರ ಅವಕ್ಕೆ ನಡೆಯಲು ಬರುತ್ತಿರಲಿಲ್ಲ. ಹಿತ್ತಿಲಿಡೀ ಖಾಲಿಯಿದ್ದರೂ ಬಾವಿಕಟ್ಟೆಯ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತಿದ್ದವು.

“ಹ್ವಾಯ್ ಗುಣವತಿ, ನಿನ್ ಕೋಳಿಗೆಲ್ಲ ಎಂತ ಮಂಡಿ ನೋವಾ?” ಎಂದು ಬೇಲಿಯಾಚೆಯ ಅಪ್ಪಿ ಕೇಳಿದಳು. ಎಲೆಯಡಿಕೆ ಬಾಯಿಯ ಮುದುಕಿ, ಅವಳ ಕಣ್ಣಿಗೆ ಬೀಳದ್ದು ಆ ಕೇರಿಯಲ್ಲಿ ಕಡಿಮೆ.

“ಬೈಂದೂರ್ ಬದಿಂದ ಗೋಣಿ ಚೀಲದಂಗ್ ತಂದದ್ದ್ ಅಪ್ಪಿಯಕ್ಕ. ಕಾಲ್ ಜೋಮ್ ಹಿಡ್ದಿತ್.”

“ನಂಗೂ ಜೋಮ್ ಹಿಡಿತ್ತ್. ನಂಗ್ಯಾರೂ ಬಣ್ಣದ್ ರೆಕ್ಕಿ ಕೊಡುದಿಲ್ಲೆ,” ಎಂದು ಅಪ್ಪಿ ಉಗುಳಲು ಹೋದಳು. ಅಪ್ಪಿಯೇ ನಂಬಿದ ಮೇಲೆ ಊರಿನ ಮಾತು ಮುಗಿದ ಹಾಗೆ.

ಒಂದು ಬೆಳಿಗ್ಗೆ ಅವುಗಳಲ್ಲಿ ಒಂದು ಮೂಲೆ ಬಿಟ್ಟು ಬಂದು ತೆಂಗಿನ ಬುಡದ ಹೊಯಿಗೆಯಲ್ಲಿ ಮಲಗಿತು. ಕಾಲಿನಿಂದ ಮರಳು ಎರಚಿಕೊಂಡು, ರೆಕ್ಕೆ ಪೂರ್ತಿ ಬಿಚ್ಚಿ, ಕಣ್ಣು ಮುಚ್ಚಿತು. ಯಾರೂ ಅದಕ್ಕೆ ಕಲಿಸಿರಲಿಲ್ಲ. ಗುಣವತಿ ಪಾತ್ರೆ ತೊಳೆಯುವುದನ್ನು ಬಿಟ್ಟು ನೋಡುತ್ತ ಕೂತಳು. ನಾನು ಕದ್ದದ್ದು ಹೌದು, ಇನ್ನೊಮ್ಮೆ ಕದಿಯಲೂ ತಯಾರು ಎಂದುಕೊಂಡಳು.

ಕದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಅಷ್ಟು ಅಚ್ಚುಕಟ್ಟಾದ ಕಳ್ಳತನಕ್ಕೆ ಒಂದೇ ಕೊರತೆ: ಕಳೆದುಕೊಂಡವನಿಗೂ ಗೊತ್ತಿಲ್ಲ. ಒಮ್ಮೊಮ್ಮೆ ಅದೇ ಅವಳಿಗೆ ಸಪ್ಪೆ ಅನ್ನಿಸುತ್ತಿತ್ತು.

ಎರಡು ತಿಂಗಳು ಕಳೆದ ಮೇಲೆ ಉಲ್ಲಾಸನೇ ಅವಳ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ಒಂದು ಟ್ರೇ ಮೊಟ್ಟೆ. ಅಂಗಳಕ್ಕೆ ಕಾರು ತಿರುಗಿದಾಗ ಸಿಕ್ಕಿಬಿದ್ದೆನೆಂದೇ ಅವಳು ಎಣಿಸಿದಳು. ಆದರೆ ಅವನು ಇಳಿದು ಚಪ್ಪಲಿ ಬಿಟ್ಟು ನಿಂತ ರೀತಿಯಲ್ಲೇ ಇವನು ಬೇಡಲು ಬಂದವನೆಂದು ಗೊತ್ತಾಯಿತು.

“ಗುಣವತಕ್ಕ, ಅವತ್ತ್ ನಂದ್ ತಪ್ಪಾಯ್ತ್. ಕೋಳಿ ಎಲ್ಲ ಮೊಟ್ಟಿಗ್ ಬಂದಿತ್ತ್, ಆರೆ ಕೆಲ್ಸಕ್ಕೆ ಬಂದವ್ರ್ ಒಬ್ರೂ ನಿಲ್ಲುದಿಲ್ಲೆ. ನೀವ್ ಬರ್ಕ್.”

“ಕಳ್ಳಿ ಬಂದ್ ಎಂತ ಮಾಡುದ್ ಒಡೆದೀರೆ?”

“ಅದನ್ನ ಬಿಡಿ ಮಾರಾಯ್ರೆ.”

ಅವಳು ಬಿಡಲಿಲ್ಲ. ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, “ಕಳ್ಳಿ ಕೊಟ್ಟ ನೀರ್ ಅಡ್ಡಿಲ್ಯಾ?” ಎಂದು ಕೇಳಿದಳು. ಕೋಳಿಗಳು ಅವನ ಕಾಲ ಹತ್ತಿರವೇ ಸುತ್ತಾಡುತ್ತಿದ್ದವು. ಕೆಂಪು, ಅರಸಿನ, ಮಸಿ ಚುಕ್ಕೆ. ತನ್ನ ಕೋಳಿಗಳನ್ನು ತಾನೇ ಕಾಲಿನಿಂದ ಸರಿಸಿ ಅವನು ಎದ್ದ.

“ಊರ್ ಕೋಳಿ ಲಾಯ್ಕ್ ಸಾಂಕಿದ್ರಿ. ಎಂತ ಬಣ್ಣ, ಎಂತ ಜುಟ್ಟ್! ನಮ್ಮಲ್ಲಿದ್ದದ್ದ್ ಒಂದಕ್ಕೂ ಈ ಕಳೆ ಇಲ್ಲೆ.”

“ಹೊಟ್ಟಿಗ್ ಹಾಕ್ರೆ ಎಲ್ಲಕ್ಕೂ ಕಳೆ ಬತ್ತ್.”

ಅವನು ಮುಖ ಸಣ್ಣ ಮಾಡಿಕೊಂಡು ಕಾರಿನ ಕಡೆ ನಡೆದ. ಬಾಗಿಲು ತೆಗೆದಿದ್ದ, ಒಂದು ಕಾಲು ಒಳಗಿತ್ತು. ಹೋಗಲು ಬಿಟ್ಟಿದ್ದರೆ ಹೋಗುತ್ತಿದ್ದ. ಆದರೆ ಎರಡು ತಿಂಗಳಿಂದ ಒಳಗೆ ಕುದಿಯುತ್ತಿದ್ದದ್ದು ಗುಣವತಿಯನ್ನು ಬಿಡಲಿಲ್ಲ. ಅವನ ಕಣ್ಣೆದುರೇ, ಅವನದೇ ಕೋಳಿಗಳು, ಅವನು ಕೊಡದ ಅನ್ನವನ್ನು ತಿನ್ನುವುದನ್ನು ಅವನಿಗೆ ತೋರಿಸಬೇಕು. ತೋರಿಸಿಯೂ ಅವನಿಗೆ ತಿಳಿಯಬಾರದು. ಇದಕ್ಕಿಂತ ದೊಡ್ಡ ಗೆಲವು ಯಾವುದಿದೆ?

“ನಿಲ್ಲಿ ಒಡೆದೀರೆ. ಕೋಳಿ ಅಂದ್ರೆ ಹ್ಯಾಂಗ್ ತಿಂಬುದ್ ಅಂದ್ ಒಂದ್ಸಲ ಕಂಡ್ಕಂಡ್ ಹೋಯ್ನಿ.” ಒಳಗೆ ಹೋಗಿ ಸೇರಿನ ತುಂಬ ಅಕ್ಕಿ ತಂದು, ಸಗಣಿ ಸಾರಿಸಿದ ಅಂಗಳದ ತುಂಬ ಬೀಸಿ ಎರಚಿದಳು.

ಕೋಳಿಗಳು ಓಡಿ ಬಂದು ತಲೆ ತಗ್ಗಿಸಿ ಟಕಟಕನೆ ಕುಟ್ಟತೊಡಗಿದವು. ಕುಟ್ಟಿದವು, ಮತ್ತೆ ಮತ್ತೆ ಕುಟ್ಟಿದವು. ಅಂಗಳದ ಅಕ್ಕಿ ಮಾತ್ರ ಬಿದ್ದಲ್ಲೇ ಬಿದ್ದಿತ್ತು. ಬೇಲಿ ನುಸುಳಿ ಬಂದ ಅಪ್ಪಿಯ ಹುಂಜವೊಂದು ಅವುಗಳ ಕಾಲ ಸಂದಿಯಿಂದ ಒಂದೊಂದೇ ಕಾಳು ಹೆಕ್ಕಿ ನುಂಗುತ್ತ ನಡೆಯಿತು. ಉಲ್ಲಾಸ ಕಾರಿನಿಂದ ಕಾಲು ಹೊರಗೆ ತೆಗೆದ. ಬಗ್ಗಿ ಒಂದನ್ನು ಎತ್ತಿ, ಅದರ ಕೊಕ್ಕಿನ ಮೇಲೆ ಹೆಬ್ಬೆರಳು ಆಡಿಸಿದ. ಮೇಲಿನ ಕೊಕ್ಕು ಅರ್ಧಕ್ಕೇ ಮೊಂಡಾಗಿ ನಿಂತಿತ್ತು, ನೆಲದ ಕಾಳು ಹೆಕ್ಕಲು ತುದಿಯೇ ಇಲ್ಲ. ಇನ್ನೊಂದನ್ನು ಹಿಡಿದ, ಅದೂ ಹಾಗೇ. ಇಕ್ಕಟ್ಟಿನ ಗೂಡಿನಲ್ಲಿ ಒಂದನ್ನೊಂದು ಕುಕ್ಕಿ ಕೊಲ್ಲಬಾರದೆಂದು ಮರಿಯಾಗಿದ್ದಾಗಲೇ ಕಾದ ಅಲಗಿನಲ್ಲಿ ತುದಿ ಕೊಯ್ಯಿಸಿ ಫಾರಮ್ಮಿನವರು ತರಿಸಿಕೊಳ್ಳುತ್ತಾರೆ. ಅಂಗಳದಲ್ಲಿ ಅಲೆಯುವ ಊರ ಕೋಳಿಗೆ ಯಾರೂ ಹಾಗೆ ಮಾಡುವುದಿಲ್ಲ. ಹನ್ನೊಂದು ವರ್ಷ ಗುಣವತಿಯ ಕೈಗೆ ಬಂದ ಕೋಳಿಗಳೆಲ್ಲ ಹಾಗೆಯೇ ಬಂದಿದ್ದವು. ಅಷ್ಟು ಸಾವಿರ ಮೊಂಡು ಕೊಕ್ಕು ನೋಡಿ ನೋಡಿ, ಗರಿಗೂ ಜುಟ್ಟಿಗೂ ಮೊಟ್ಟೆಗೂ ಎಚ್ಚರ ವಹಿಸಿದ ಅವಳ ಕಣ್ಣು ಅಲ್ಲಿ ನಿಲ್ಲುವುದನ್ನೇ ಮರೆತಿತ್ತು. ಉಲ್ಲಾಸ ತಲೆಯೆತ್ತಿದ. “ಗುಣವತಕ್ಕ, ಇದ್ರ ಕೊಕ್ಕ್ ಕೊಯ್ದದ್ದ್ ಯಾರ್?” ಅವಳು ಅವನ ಕೈಯಿಂದ ಕೋಳಿಯನ್ನು ತೆಗೆದುಕೊಂಡು ಕಂಕುಳಿಗೆ ಒತ್ತಿ ಹಿಡಿದಳು. “ನೀವೇ ಅಲ್ದಾ,” ಅಂದಳು.