ನೇರಳೆ ಹೂ ಬಿಡಬೇಕಿದ್ದ ಗಿಡಗಳು

2001ರ ಆಗಸ್ಟ್ 14, ಬೆಳಿಗ್ಗೆ 8.20. ಕೀಲ್ಪಾಕ್‌ನ ಠಾಣೆಗೆ ದೂರು ಹಿಡಿದು ಬಂದ ಕಲಾವತಿ ಕುರ್ಚಿಯಲ್ಲಿ ಕೂರಲೇ ಇಲ್ಲ. ಆಕೆ ಖಾಸಗಿ ಬೀಜ ಸಂಶೋಧನಾಲಯದ ವಿಜ್ಞಾನಿ. ಅದರ ಮಹಡಿಯ ಮೇಲೆ ಬಲೆ ಕಟ್ಟಿ ಬೆಳೆಸಿದ್ದ ಮೂವತ್ತೆರಡು ಸೋಯಾ ಗಿಡಗಳನ್ನು ಯಾರೋ ಬುಡಕ್ಕೇ ಕತ್ತರಿಸಿದ್ದರು. ಇನ್‌ಸ್ಪೆಕ್ಟರ್ ಪದ್ಮನಾಭ ಎಫ್‌ಐಆರ್ ಬರೆಸಿ ಪಂಚನಾಮೆಗೆ ಹೊರಟರು.

ಮಹಡಿಯ ಬಾಗಿಲಿನ ಬೀಗ ಒಡೆದಿರಲಿಲ್ಲ.

"ಹಸು ಮೇಯ್ದಿರಬಹುದು, ಐಯಾ," ಎಂದ ಕಾನ್‌ಸ್ಟೆಬಲ್ ಏಳುಮಲೈ.

"ಮೂರನೇ ಮಹಡಿ ಹತ್ತಿ, ಬೀಗ ತೆಗೆದು, ಮೇಯ್ದು, ಮತ್ತೆ ಬೀಗ ಹಾಕ್ಕೊಂಡು ಹೋಯ್ತೇನಪ್ಪಾ?"

ಪದ್ಮನಾಭರಿಗೆ ಒಂದೆಡೆ ನಿಲ್ಲಲಾಗಲಿಲ್ಲ. ಕಳ್ಳನಾದರೆ ಹೊತ್ತೊಯ್ಯುತ್ತಿದ್ದ. ಹಗೆಯವನಾದರೆ ಎಲ್ಲವನ್ನೂ ಹಾಳುಗೆಡವುತ್ತಿದ್ದ. ಇಲ್ಲಿ ಪಕ್ಕದ ಕುಂಡಗಳ ಒಂದೆಲೆಯೂ ಮುರಿದಿರಲಿಲ್ಲ.

10.40ಕ್ಕೆ ನೀರಿನ ಟ್ಯಾಂಕಿನ ಹಿಂದೆ ಏಳುಮಲೈಗೆ ಗೋಣಿಚೀಲ ಸಿಕ್ಕಿತು. ಒಳಗೆ ಕತ್ತರಿಸಿದ ಗಿಡಗಳು. ಅರೆಬಿರಿದ ಮೊಗ್ಗುಗಳೆಲ್ಲ ಬಿಳಿ. ಕಲಾವತಿಯ ಮುಖ ಇಳಿಯಿತು.

"ಏನಾಯ್ತು ಮೇಡಂ?"

"ಇವುಗಳ ತಾಯಿಗೆ ಬಿಳಿ ಹೂ, ತಂದೆಗೆ ನೇರಳೆ. ಬೇರುಗಂಟು ಹುಳು ತಡೆಯೋ ಗುಣ ಇರೋದು ತಂದೇಲಿ. ಕೂಡಿಸಿದ್ದು ಸರಿಯಾಗಿದ್ರೆ ಮಕ್ಕಳೆಲ್ಲ ನೇರಳೇನೇ ಬಿಡಬೇಕು. ಬಿಳಿ ಬಂತು ಅಂದ್ರೆ ತಂದೆಯದ್ದು ಏನೂ ಇಳಿದಿಲ್ಲ, ಸಾರ್. ತಾಯಿಗಿಡ ತನ್ನ ಪರಾಗದಿಂದಲೇ ಕಾಯಿ ಕಟ್ಟಿದೆ."

"ಕೂಡಿಸಿದ್ದು ಯಾರು?"

"ನಮ್ಮ ಸಹಾಯಕರು, ಮಧ್ವರಾಜ. ಇಪ್ಪತ್ತೆರಡು ವರ್ಷದಿಂದ ಅವರೇ. ಅವರ ಕೈ ತಪ್ಪಲ್ಲ."

"ಬೀಗದ ಕೈ?"

"ನನ್ನ ಹತ್ರ ಒಂದು... ಅವರ ಹತ್ರ ಒಂದು."

ಮೂಲೆಯಲ್ಲಿ ನಿಂತಿದ್ದ ಮಧ್ವರಾಜರನ್ನು ಪದ್ಮನಾಭ ಕರೆದರು. ಪಕ್ಕದ ಕುಂಡಗಳಲ್ಲಿದ್ದ ತಾಯಿಗಿಡವೊಂದನ್ನು ಮುಂದಿಟ್ಟರು.

"ಒಂದು ಮೊಗ್ಗು ಬಿಡಿಸಿ ತೋರಿಸಿ, ಸ್ವಾಮಿ."

ಗೋಧಿಕಾಳಿನಷ್ಟು ಮೊಗ್ಗು. ಅದರೊಳಗಿನ ಹತ್ತು ಕೇಸರಗಳನ್ನೂ ಚಿಮಟದಲ್ಲಿ ಕೀಳಬೇಕು. ಚಿಮಟ ಮೂರು ಸಲ ಬರೀ ಗಾಳಿಯನ್ನು ಹಿಡಿಯಿತು. ಮಧ್ವರಾಜ ಅದನ್ನು ಕೆಳಗಿಟ್ಟರು.

"ಯಾವಾಗಿಂದ?"

"ಸಂಕ್ರಾಂತಿಯಿಂದ ಸಾರ್. ಕಣ್ಣಿನ ನರಾನೇ ಒಣಗಿದೆ, ಆಪರೇಷನ್‌ಗೂ ಬರಲ್ಲ ಅಂದ್ರು. ಕೈ ಅಂದಾಜಿನ ಮೇಲೆ ಮಾಡ್ದೆ. ನಿನ್ನೆ ಮೊದಲ ಮೊಗ್ಗು ಒಡೀತು. ಬೆಳ್ಳಗಿತ್ತು. ಅಷ್ಟು ಮಾತ್ರ ಕಾಣುತ್ತೆ. ಅಮ್ಮ ನೋಡೋ ಮುಂಚೆ ರಾತ್ರೀನೇ ಎಲ್ಲ ಕತ್ತರಿಸಿಬಿಟ್ಟೆ."

"ನನಗೊಂದು ಮಾತು ಹೇಳಬಾರದಿತ್ತಾ?" ಎಂದರು ಕಲಾವತಿ.

"ಹೇಗೆ ಹೇಳ್ಲಿ ಅಮ್ಮ? ಬಂದವರಿಗೆಲ್ಲ, ಇವರ ಕೈ ನಂಬಿ ಕೂತಿದ್ದೀನಿ ಅಂತ ನನ್ನನ್ನ ತೋರಿಸ್ತಿದ್ರಿ."

ಆಕೆ ಪದ್ಮನಾಭರತ್ತ ತಿರುಗಿದರು. "ದೂರು ವಾಪಸ್ ತಗೊಳ್ತೀನಿ."

"ಎಫ್‌ಐಆರ್ ಆಗೋಗಿದೆ ಮೇಡಂ. ಕೋರ್ಟಲ್ಲಿ ಹೇಳಿ."

ಮಧ್ಯಾಹ್ನ 12.15ಕ್ಕೆ ಬಂಧನ. ಆರೋಪಿಗೆ ಯಾರ ಮೇಲೂ ದ್ವೇಷವಿರಲಿಲ್ಲ, ಲಾಭದ ಆಸೆಯೂ ಇರಲಿಲ್ಲ ಎಂದು ಬರೆದ ಪದ್ಮನಾಭ, ಕಾರಣ ಎಂಬಲ್ಲಿ 'ನಾಚಿಕೆ' ಎಂದು ಸೇರಿಸಿದರು.

ಜೀಪು ಹತ್ತುವ ಮುನ್ನ ಮಧ್ವರಾಜ, ಕಲಾವತಿಯ ದನಿ ಬಂದ ಕಡೆಗೆ ಮುಖ ಮಾಡಿದರು.

"ತಂದೆಗಿಡ ಇನ್ನೊಂದು ವಾರ ನೇರಳೆ ಹೂ ಬಿಡುತ್ತೆ, ಅಮ್ಮ. ಬೇರೆಯವರ ಕೈಲಿ ಮತ್ತೆ ಕೂಡಿಸೋದನ್ನ ನಾಳೇನೇ ಶುರು ಮಾಡ್ಸಿ. ಬಿಸಿಲೇರೋ ಮುಂಚೆ."