ಚಿಕ್ಕಪ್ಪನ ಮನೆಗೆ ಹೋದ ಛಾಂಗ್

ಹೊರೆಯ ಪಟ್ಟಿಯನ್ನು ಹಣೆಗೆ ಏರಿಸಿಕೊಂಡು ಯಾಂಗ್ಜಿ ಏಳುವುದರಲ್ಲಿದ್ದಳು. ಹಿಂದಿನಿಂದ ಯಾರೋ ಬುಟ್ಟಿಯನ್ನು ಮೆಲ್ಲಗೆ ಎತ್ತಿ ಹಿಡಿದರು. ಅರ್ಧ ಭಾರ ಇಳಿದ ಹಾಗಾಯಿತು.

ತಿರುಗಿ ನೋಡಬೇಕಾಗಿರಲಿಲ್ಲ. ಎರಡು ವರ್ಷ ಕಳೆದಿದ್ದರೂ ಆ ಕೈ ಯಾರದೆಂದು ಅವಳ ಬೆನ್ನಿಗೇ ಗೊತ್ತಿತ್ತು.

"ಸೀಮೆಎಣ್ಣೆ ಡಬ್ಬ ಎಡಗಡೆಗೆ ವಾಲಿದೆ. ನಿಲ್ಲು, ಸರಿ ಮಾಡ್ತೀನಿ," ಅಂದ ಗ್ಯಾಲ್ಬು.

"ಬೇಡ. ಹೊರೋಳು ನಾನು."

"ಎರಡು ವರ್ಷ ಆಯ್ತು. ಹೇಗಿದೀಯಾ ಅಂತಾನೂ ಕೇಳಲ್ವಾ?"

"ಡಿಕಿ ಹೊರೆನೂ ವಾಲಿರುತ್ತೆ. ಹೋಗಿ ನೋಡು."

ಅವನು ಕೈಬಿಟ್ಟ. ಪೂರ್ತಿ ಭಾರ ಒಮ್ಮೆಲೇ ಅವಳ ಹಣೆಯ ಮೇಲೆ ಬಿತ್ತು. ಆ ಭಾರ ಅವಳಿಗೆ ಹಿತವಾಯಿತು. ಅಳು ಬಂದರೂ ತಪ್ಪನ್ನು ಹೊರೆಯ ಮೇಲೆ ಹಾಕಬಹುದು.

ಆಗಿದ್ದು ಇಷ್ಟು. ಎರಡು ವರ್ಷದ ಹಿಂದೆ ಯಾಕ್ ಮೇಯಿಸುವ ಬಯಲಿನಲ್ಲಿ ಗ್ಯಾಲ್ಬು ಅವಳಿಗೆ ಹೇಳಿದ್ದ, "ಕೆಲಸಕ್ಕೆ ಹೋಗಿ ಬಂದ ಮೇಲೆ ಅಪ್ಪನ ಕೈಲಿ ಛಾಂಗ್ ಕಳಿಸ್ತೀನಿ." ನಮ್ಮ ರೋಲ್ವಾಲಿಂಗ್ ಕಣಿವೆಯಲ್ಲಿ ಹೆಣ್ಣು ಕೇಳುವುದು ಹಾಗೆಯೇ. ಮರದ ಪಾತ್ರೆಯ ಬಾಯಿಗೆ ಬೆಣ್ಣೆ ಹಚ್ಚಿ, ಹುಳಿ ಬಂದ ಛಾಂಗ್, ಅಂದರೆ ಧಾನ್ಯದ ಹೆಂಡ ತುಂಬಿ, ಗಂಡಿನ ಹಿರಿಯರು ಹೋಗುತ್ತಾರೆ. ಹೆಣ್ಣಿನ ಕಡೆಯವರು ಮೂರು ಬಟ್ಟಲು ಕುಡಿದರೆ ಒಪ್ಪಿಗೆ. ಕುಡಿಯದೆ ಪಾತ್ರೆ ವಾಪಸ್ ಕಳಿಸಿದರೆ ಅದೂ ಉತ್ತರವೇ.

ಗ್ಯಾಲ್ಬು ಬಂದು ಮೂರು ದಿನವಾಗಿತ್ತು. ನಿನ್ನೆ ಬೆಳಿಗ್ಗೆ ಅವನ ಅಪ್ಪ ಬೆಣ್ಣೆ ಹಚ್ಚಿದ ಪಾತ್ರೆ ಹಿಡಿದು ಮನೆಯಿಂದ ಹೊರಟಿದ್ದನ್ನು ಯಾಂಗ್ಜಿ ಕಂಡಳು. ಓಡಿ ಒಲೆಗೆ ಸೌದೆ ಹಾಕಿದಳು, ಅಮ್ಮನ ತಲೆಗೆ ಬೇರೆ ಬಟ್ಟೆ ಕಟ್ಟಿದಳು.

ಪಾತ್ರೆ ಅವರ ಮನೆ ದಾಟಿ ಹೋಯಿತು. ನಾಲ್ಕು ಮನೆ ಆಚೆ, ಅವಳ ಚಿಕ್ಕಪ್ಪ ಅಕು ತೆಂಡಿಯ ಬಾಗಿಲಲ್ಲಿ ನಿಂತಿತು. ಅಲ್ಲಿ ಡಿಕಿ ಇದ್ದಾಳೆ. ಚಿಕ್ಕಪ್ಪನ ಮಗಳು, ಇವಳಿಗಿಂತ ಐದು ವರ್ಷ ಚಿಕ್ಕವಳು. ನಕ್ಕರೆ ಕೆನ್ನೆಯಲ್ಲಿ ಗುಳಿ.

ಮುದುಕ ಹೊರಗೆ ಬಂದಾಗ ಖಾಲಿ ಪಾತ್ರೆ ಅವನ ಒಂದೇ ಬೆರಳಿನಲ್ಲಿ ತೂಗಾಡುತ್ತಿತ್ತು.

ಈಗ ಮೂವರೂ ಒಂದೇ ತಂಡದಲ್ಲಿದ್ದರು. ಚಾರಣಕ್ಕೆ ಬಂದ ಆರು ಮಂದಿ ಜರ್ಮನರನ್ನು ತಾಶಿ ಲಾಪ್ಚಾ ಘಟ್ಟ ದಾಟಿಸಿ ಆಚೆಯ ಥಾಮೆ ಹಳ್ಳಿಗೆ ಮುಟ್ಟಿಸಬೇಕು. ಗ್ಯಾಲ್ಬು ಹಗ್ಗ ಹಾಕಿ ಮುಂದೆ ನಡೆಯುವವನು. ಡಿಕಿ ಹೊರೆಯವಳು. ಯಾಂಗ್ಜಿಯದು ಹೊರೆಯೂ ಹೌದು, ಅಡುಗೆಯೂ ಹೌದು.

ಮೊದಲ ದಿನ ನಾ ಹಳ್ಳಿಯಲ್ಲಿ ಆಲೂಗಡ್ಡೆ ಬೇಯಿಸಿದಳು. ತಳದಲ್ಲಿ ಸೀದು ಹತ್ತಿಕೊಂಡಿದ್ದನ್ನೆಲ್ಲ ಕೆರೆದು ಗ್ಯಾಲ್ಬುವಿನ ತಟ್ಟೆಗೆ ಹಾಕಿದಳು. ಅವನು ತಟ್ಟೆ ನೋಡಿದ, ಅವಳ ಮುಖ ನೋಡಿದ, ಸುಮ್ಮನೆ ತಿಂದ. ಅದನ್ನು ಕಂಡು ಅವಳ ಸಿಟ್ಟು ಇನ್ನಷ್ಟು ಏರಿತು. ತಪ್ಪು ಮಾಡಿದವನಲ್ಲದೆ ಯಾರು ಹಾಗೆ ತಿನ್ನುತ್ತಾರೆ?

ಎರಡನೆಯ ದಿನ ಸರೋವರದ ದಂಡೆಯಲ್ಲಿ ಅವನು ಡಿಕಿಯ ಬೂಟಿಗೆ ಮಂಜಿನಲ್ಲಿ ಜಾರದ ಹಾಗೆ ಹಾಕುವ ಕಬ್ಬಿಣದ ಮುಳ್ಳು ಕಟ್ಟಿ ಕೊಡುತ್ತಿದ್ದ. ಅವಳ ಕಾಲನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಡಿಕಿ ಅವನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಇಬ್ಬರೂ ನಕ್ಕರು. ಯಾಂಗ್ಜಿ ಅತ್ತ ತಿರುಗಿದ್ದೇ ತಡ, ನಗು ನಿಂತಿತು.

ಆ ನಗು ನಿಂತಿದ್ದೇ ಅವಳನ್ನು ಸುಟ್ಟಿತು. ನಗುತ್ತಲೇ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ಡಿಕಿ ಅವಳ ಪಕ್ಕಕ್ಕೆ ಬಂದು ಕುಳಿತಳು. "ದೀದಿ, ಗ್ಯಾಲ್ಬು ಅಣ್ಣನಿಗೆ ಬರೀ ಸೀದಿದ್ದೇ ಯಾಕೆ ಹಾಕ್ತೀಯ? ಹೊಟ್ಟೆ ಕೆಟ್ಟು ಹಗ್ಗ ಬಿಟ್ಟುಬಿಟ್ಟರೆ ನಾವೆಲ್ಲ ಕೆಳಗೆ."

"ಅಷ್ಟು ಮರುಕ ಇದ್ರೆ ನೀನೇ ಬೇಯಿಸಿ ಹಾಕು. ಇನ್ಮೇಲೆ ಅಭ್ಯಾಸ ಬೇಕಲ್ಲ."

ಡಿಕಿ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. "ಘಟ್ಟ ದಾಟಿದ ಮೇಲೆ ಮಾತಾಡೋಣ ದೀದಿ."

ಇದಕ್ಕೂ ಒಂದು ಕಾರಣವಿದೆ. ಏಳು ವರ್ಷದ ಹಿಂದೆ ಯಾಂಗ್ಜಿಯ ಅಪ್ಪ ಇದೇ ಘಟ್ಟಕ್ಕೆ ಹೊರಟಾಗ, "ಬಂದವನೇ ಮನೆಗೆ ತಗಡು ಹೊದಿಸ್ತೀನಿ, ಮಗಳ ಮದುವೆಗೆ ಊರಿಗೆಲ್ಲ ಊಟ ಹಾಕ್ತೀನಿ" ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋಗಿದ್ದ. ಅವನು ಬರಲಿಲ್ಲ. ಅವನ ಟೋಪಿಯೂ ಸಿಗಲಿಲ್ಲ. ಅಂದಿನಿಂದ ನಮ್ಮ ಜನ ಘಟ್ಟಕ್ಕೆ ಹೊರಟರೆ ಅದನ್ನು ದಾಟುವವರೆಗೆ ಶುಭದ ಮಾತು ಎತ್ತುವುದಿಲ್ಲ.

ಹಾಗಾದರೆ ಡಿಕಿಯ ಬಾಯಲ್ಲಿ ಆಡಬೇಕಾದ ಶುಭದ ಮಾತು ಇದೆ ಅಂತಾಯಿತು. ಯಾಂಗ್ಜಿ ಸೌಟನ್ನು ನೆಲಕ್ಕೆ ಇಟ್ಟಳು.

"ನನ್ನದೂ ಒಂದು ಮಾತಿದೆ, ಶುಭದ್ದಲ್ಲ. ಅದಕ್ಕೇ ಈಗಲೇ ಹೇಳ್ತೀನಿ. ನಾನು ವಾಪಸ್ ಬರಲ್ಲ. ನಾಮ್ಚೆಯಲ್ಲಿ ಒಬ್ಬರ ವಸತಿಮನೆಗೆ ಅಡುಗೆಗೆ ಆಳು ಬೇಕಂತೆ. ಥಾಮೆಯಿಂದ ಹಾಗೇ ಇಳಿದು ಹೋಗ್ತೀನಿ. ಅಮ್ಮನಿಗೆ ನೀನು ತಿಳಿಸು."

ಡಿಕಿಯ ಮುಖದ ಬಣ್ಣ ಹೋಯಿತು. "ದೀದಿ, ಅವಸರ ಮಾಡಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಎರಡು ದಿನ ತಡಿ."

"ಯಾಕೆ, ನಿನ್ನ ಮದುವೆಗೆ ಬಡಿಸೋಕೆ ಆಳು ಬೇಕಾ?"

ಡಿಕಿ ಎದ್ದು ಹೋದಳು. ಕಣ್ಣು ಒರೆಸಿಕೊಳ್ಳುತ್ತಿದ್ದಳು. ಯಾಂಗ್ಜಿಗೆ ಒಂದು ಗಳಿಗೆ ಹಿತವಾಯಿತು. ಆಮೇಲೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಹೊಳೆಗೆ ಹೊತ್ತುಕೊಂಡು ಹೋಗಿ, ತೊರೆ ದಾಟಿಸಿ ಬೆಳೆಸಿದ ಹುಡುಗಿ ಅದು...

ಮೂರನೆಯ ದಿನ ಹಿಮನದಿ. ಮೇಲಿನಿಂದ ಕಲ್ಲು ಬೀಳುವ ಜಾಗ. ಗ್ಯಾಲ್ಬು ಹಗ್ಗಕ್ಕೆ ಕಟ್ಟುವ ಸಾಲು ಹೇಳಿದ, "ನನ್ನ ಹಿಂದೆ ಯಾಂಗ್ಜಿ. ಆಮೇಲೆ ಡಿಕಿ."

"ನಿನ್ನ ಹಿಂದೆ ಡಿಕಿ," ಅಂದಳು ಯಾಂಗ್ಜಿ. "ನಾನು ಕೊನೆಗೆ."

"ಕೊನೇಲಿ ಹಿಡಿಯೋರು ಯಾರೂ ಇಲ್ಲ."

"ಮುಂದೆ ಇದ್ದಾರಾ?"

ಅವನು ಬಯ್ಯಲಿಲ್ಲ. ತಾನೇ ಸಾಲಿನ ಕೊನೆಗೆ ನಡೆದು ಬಂದು ಅವಳ ಸೊಂಟದ ಗಂಟನ್ನು ಎರಡು ಸಲ ಎಳೆದು ನೋಡಿದ. ಮೂರನೆಯ ಸಲವೂ ಎಳೆದ.

ನಾಲ್ಕನೆಯ ದಿನ ಬಿಸಿಲು ಏರುವ ಹೊತ್ತಿಗೆ ಘಟ್ಟದ ತಲೆ ಸಿಕ್ಕಿತು. ಕಲ್ಲುರಾಶಿಗೆ ಕಟ್ಟಿದ ಪ್ರಾರ್ಥನೆಯ ಬಾವುಟಗಳು ಗಾಳಿಗೆ ಹರಿದು ನೂಲಾಗಿದ್ದವು. ಜರ್ಮನರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಯಾಂಗ್ಜಿ ಒಂದು ಕಲ್ಲು ತೆಗೆದು ರಾಶಿಯ ಮೇಲಿಟ್ಟಳು. ಅಪ್ಪನಿಗೆ ಇರಲಿ ಎಂದು ಪ್ರತಿ ಸಲ ಇಡುವ ಕಲ್ಲು. ಯಾರಿಗೂ ಕಾಯದೆ ಆಚೆ ಬದಿಗೆ ಇಳಿಯತೊಡಗಿದಳು.

ಇಪ್ಪತ್ತು ಹೆಜ್ಜೆ ಇಳಿದಿರಬೇಕು. ಹಿಂದಿನಿಂದ ಯಾರೋ ಬುಟ್ಟಿ ಎತ್ತಿ ಹಿಡಿದರು.

"ಇಳಿಸು," ಅಂದ ಗ್ಯಾಲ್ಬು. "ಘಟ್ಟ ದಾಟಾಯ್ತು. ಇನ್ನು ಬಾಯಿ ಕಟ್ಟಿಕೊಂಡು ಇರೋಕೆ ನನ್ನಿಂದ ಆಗಲ್ಲ. ನಾಮ್ಚೆಗೆ ಹೋಗ್ತೀಯಂತೆ."

"ಡಿಕಿ ಹೇಳಿದಳಾ?"

"ಅತ್ತುಕೊಂಡು ಹೇಳಿದಳು. ಪಾಪ, ನನ್ನ ಮಾವನ ಮಗಳನ್ನ ಹೆದರಿಸಿಬಿಟ್ಟಿದೀಯ."

"ಮಾವ ಯಾರು?"

"ಅಕು ತೆಂಡಿ. ನಿನ್ನ ಚಿಕ್ಕಪ್ಪ ಅಂದ್ರೆ ಇನ್ನು ನನಗೆ ಮಾವನೇ ಅಲ್ವಾ?"

ಯಾಂಗ್ಜಿ ಬುಟ್ಟಿ ಇಳಿಸಿದಳು. ಬಂಡೆಯ ಮರೆಯಲ್ಲಿ ಕುಳಿತಳು.

"ಛಾಂಗ್ ಯಾರಿಗೆ ಹೋಗಿದ್ದು?"

"ಇನ್ಯಾರಿಗೆ? ನಿನಗೆ."

"ನನಗೆ ಅಂದ್ರೆ ನಮ್ಮ ಮನೆ ದಾಟಿ ಯಾಕೆ ಹೋಯ್ತು? ಒಲೆ ಹಚ್ಚಿ ಕೂತಿದ್ದೆ ಕಣೋ ನಾನು. ಅಮ್ಮನ ತಲೆಬಟ್ಟೆ ಬದಲಾಯಿಸಿ..."

ಅವನು ಅವಳ ಎದುರು ಮಂಡಿಯೂರಿ ಕುಳಿತ. ಮೆಲ್ಲಗೆ ಹೇಳಿದ.

"ನಿಮ್ಮ ಮನೇಲಿ ಕಿಟಕಿ ಪಕ್ಕ, ಒಲೆ ಹತ್ತಿರ ನಿನ್ನ ಅಪ್ಪನ ಜಾಗ ಇದೆ. ಇವತ್ತಿಗೂ ಯಾರನ್ನೂ ಕೂರಿಸಲ್ಲ. ನಿಮ್ಮಮ್ಮ ಬೆಳಿಗ್ಗೆ ಆತನ ಬಟ್ಟಲಿಗೆ ಚಹಾ ಹಾಕಿಡ್ತಾರೆ. ಅಲ್ಲಿಗೆ ಪಾತ್ರೆ ತಂದು ಯಾರ ಮುಂದೆ ಇಡಬೇಕಿತ್ತು ಹೇಳು? ಅಮ್ಮನ ಮುಂದೆ ಇಟ್ಟರೆ, ಗಂಡ ಇಲ್ಲ ಅಂತ ಅವರ ಬಾಯಲ್ಲೇ ಹೇಳಿಸಿದ ಹಾಗೆ. ನಮ್ಮಪ್ಪನಿಗೆ ಮನಸ್ಸು ಬರಲಿಲ್ಲ, ನನಗೂ ಬರಲಿಲ್ಲ. ಅದಕ್ಕೇ ಪಾತ್ರೆ ಮೊದಲು ನಿನ್ನ ಅಪ್ಪನ ತಮ್ಮನ ಹತ್ತಿರ ಹೋಯ್ತು."

ಅಪ್ಪ ಇಲ್ಲ ಅನ್ನುವುದು ಯಾಂಗ್ಜಿಯ ಲೆಕ್ಕದಲ್ಲೇ ಇರಲಿಲ್ಲ. ಹಾಗಾಗಿ ಚಿಕ್ಕಪ್ಪನ ಮನೆಗೆ ಹೋದ ಛಾಂಗ್ ತನ್ನದಾಗಿರಬಹುದು ಎಂದೂ ತೋಚಿರಲಿಲ್ಲ. ಏಳು ವರ್ಷ ಅಮ್ಮನೊಬ್ಬಳೇ ಆ ಬಟ್ಟಲು ತುಂಬಿಸಿದ್ದಲ್ಲ.

"ಚಿಕ್ಕಪ್ಪ ಏನಂದ?"

"ಮೂರು ಬಟ್ಟಲು ಕುಡಿದ. ನಾಲ್ಕನೆಯದಕ್ಕೂ ಕೈ ಚಾಚಿದ, ಡಿಕಿ ಕಿತ್ತುಕೊಂಡಳು. 'ನನ್ನ ಒಪ್ಪಿಗೆ ಆಯ್ತು, ಅತ್ತಿಗೆ ಹತ್ತಿರ ನಾನೇ ಮಾತಾಡ್ತೀನಿ, ನೀವು ಘಟ್ಟ ದಾಟೋವರೆಗೆ ಹುಡುಗಿಗೆ ಹೇಳಬೇಡಿ' ಅಂದನಂತೆ."

ಅವಳ ಕಣ್ಣೀರು ಕೆನ್ನೆಯ ಮೇಲೆ ಇಳಿದು ಚಳಿಗೆ ಚುರುಗುಟ್ಟಿತು. "ನಾನು ಡಿಕಿಗೆ ಏನೇನೋ ಅಂದೆ."

"ನನಗೆ ನಾಲ್ಕು ದಿನ ಸೀದ ಆಲೂಗಡ್ಡೆ ಹಾಕಿದೀಯ. ಅದನ್ನು ಯಾರಿಗೆ ಹೇಳಲಿ?"

"ಇಷ್ಟ ಇಲ್ಲದೋನು ಬಿಸಾಕಬೇಕಿತ್ತು."

"ನೀನು ಬೇರೆ ಯಾರ ತಟ್ಟೆಗೂ ಹಾಕ್ತಾ ಇರಲಿಲ್ಲ. ನನಗೇ ಅಂತ ಆರಿಸಿ ಹಾಕ್ತಿದ್ದೆ. ಅದೇ ಸಮಾಧಾನ ಅಂತ ತಿಂದೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಮೇಲಿನಿಂದ ಡಿಕಿ ಇಳಿದು ಬರುತ್ತಿದ್ದಳು. ಯಾಂಗ್ಜಿ ಕೈ ಚಾಚಿದಳು. ಡಿಕಿ ಮುಖ ಊದಿಸಿಕೊಂಡೇ ಬಂದು ಆ ಕೈಗೆ ಒಂದು ಏಟು ಕೊಟ್ಟು, "ಬಡಿಸೋಕೆ ಆಳು ನಾನಂತೂ ಅಲ್ಲ ದೀದಿ, ನಿನ್ನ ಮದುವೇಲಿ ಕೂತು ತಿನ್ನೋಳು," ಎಂದು ಮುಂದೆ ಇಳಿದು ಹೋದಳು.

ಗ್ಯಾಲ್ಬು ಚೀಲದಿಂದ ಫ್ಲಾಸ್ಕ್ ತೆಗೆದು ಉಪ್ಪು ಚಹಾ ಬಗ್ಗಿಸಿದ. ಯಾಂಗ್ಜಿ ಕುಡಿದಳು. ಅವನು ಮತ್ತೆ ತುಂಬಿದ. ಅವನ ಮುಖ ನೋಡುತ್ತಲೇ ಅದನ್ನೂ ಕುಡಿದಳು. ಅವನು ಮೂರನೆಯ ಸಲ ಬಗ್ಗಿಸಲು ಹೋದಾಗ ಬಟ್ಟಲಿನ ಮೇಲೆ ಅಂಗೈ ಮುಚ್ಚಿದಳು.

"ಮೂರನೆಯದು?" ಅವನ ದನಿ ಇಳಿಯಿತು.

"ಅದು ನಮ್ಮ ಮನೇಲಿ. ನಿಮ್ಮಪ್ಪನಿಗೆ ಪಾತ್ರೆ ಹಿಡಿದು ಬರೋಕೆ ಹೇಳು. ಬೆಣ್ಣೆ ಹಚ್ಚಿ."

"ಯಾರ ಮುಂದೆ ಇಡೋದು ಯಾಂಗ್ಜಿ?"

ಅವಳು ಒಮ್ಮೆ ತಲೆಯೆತ್ತಿ ಕಲ್ಲುರಾಶಿಯ ಕಡೆ ನೋಡಿದಳು.

"ಕಿಟಕಿ ಪಕ್ಕದ ಜಾಗದ ಮುಂದೆ. ಅಮ್ಮನ್ನ ಕೈ ಹಿಡಿದು ನಾನೇ ಅಲ್ಲಿ ಕೂರಿಸ್ತೀನಿ."

ಗ್ಯಾಲ್ಬು ಎದ್ದು ಅವಳ ಬುಟ್ಟಿಯನ್ನು ಹಿಂದಿನಿಂದ ಎತ್ತಿ ಹಿಡಿದ. ಅವಳು ಪಟ್ಟಿಯನ್ನು ಹಣೆಗೆ ಏರಿಸಿದಳು.

"ಡಬ್ಬ ಇನ್ನೂ ವಾಲಿದೆಯಾ?" ಕೇಳಿದಳು.

"ಸ್ವಲ್ಪ."

"ಸರಿ ಮಾಡು ಮತ್ತೆ. ನಿಂತಿದೀನಲ್ಲ."