ಸಡಿಲ ಹೊಲಿಗೆ

"ಕೈ ತೆಗೀರಿ ನನ್ನ ಮಷೀನಿಂದ!"

ಹೊಲಿಯುತ್ತಿದ್ದ ಹೆಂಗಸರೆಲ್ಲ ಕತ್ತೆತ್ತಿದರು. ಮಂಡಿಯೂರಿ ಕೂತಿದ್ದ ಹೊಸ ರಿಪೇರಿಯವನು ಕಕ್ಕಾಬಿಕ್ಕಿಯಾದ.

"ಎಣ್ಣೆ ಬಿಡ್ತಿದ್ದೆ, ಅಷ್ಟೇ..."

"ನಿಮ್ಮ ಧಣಿಗಳ ಮೀಸೆಗೆ ಬಿಡಿ, ಹೋಗಿ!"

ಎಲ್ಲರೂ ಕಿಸಕ್ಕನೆ ನಕ್ಕರು. ಕೂಗಿದವಳಿಗೆ 'ಸೂಜಿಮೆಣಸು' ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಅವನೂ ನಕ್ಕ. ಆ ನಗು ಅವಳ ಎದೆಗೆ ತಾಕಿತು. ತಾಕಿದ್ದಕ್ಕೇ ಅವಳಿಗೆ ಸಿಟ್ಟು ಬಂತು.

'ಶತ್ರುವಿನ ಅನ್ನ ತಿನ್ನೋನ ನಗು ನನಗ್ಯಾಕೆ ಚೆನ್ನಾಗಿ ಕಾಣಬೇಕು?'

ಊರು ಶತ್ರು ಸೈನ್ಯದ ಕೈಸೇರಿ ಒಂದು ಬೇಸಗೆ ಕಳೆದಿತ್ತು. ಗಂಡಸರಲ್ಲಿ ಹೆಚ್ಚಿನವರು ಕಾಡು ಸೇರಿದ್ದರು, ಉಳಿದವರು ಜೈಲು. ಸೈನ್ಯ ಧಾನ್ಯದ ಉಗ್ರಾಣ ಖಾಲಿ ಮಾಡಿಸಿ, ಮಷೀನು ಇಳಿಸಿ, ಹೆಂಗಸರಿಂದ ಚಳಿಗಾಲದ ಕೋಟು ಹೊಲಿಸುತ್ತಿತ್ತು.

ಹೆಂಗಸರು ಹೊಲಿದರು... ತಮ್ಮದೇ ರೀತಿಯಲ್ಲಿ! ಕಂಕುಳ ಹೊಲಿಗೆಯ ಎರಡೂ ತುದಿ ಬಿಗಿ, ನಡುವೆ ಮಾತ್ರ ಉದ್ದುದ್ದ ಸಡಿಲ ಹೊಲಿಗೆ. ಕಣ್ಣಿಗೆ ಏನೂ ಕಾಣದು. ತೊಟ್ಟವನು ಬಂದೂಕು ಎತ್ತಿದ ದಿನ ಪರ್ರನೆ ಹರಿಯಬೇಕು. ಈ ಉಪಾಯ ಸೂಜಿಮೆಣಸನ್ನು ಸಾಕಿದ ಸೋದರತ್ತೆಯದು. ಸಿಕ್ಕಿಬಿದ್ದರೆ ಗುಂಡೇ ಗತಿ.

ಅಧಿಕಾರಿ ಎಳೆದು ಪರೀಕ್ಷಿಸಲು ರಾಶಿಯಿಂದ ಕೋಟು ಆರಿಸಿ ಒಯ್ಯುವವನು ರಿಪೇರಿಯವನೇ. ಅವನು ರಾಶಿಯ ಬಳಿ ಹೋದಾಗಲೆಲ್ಲ ಸೂಜಿಮೆಣಸಿನ ಜೀವ ಬಾಯಿಗೆ ಬರುತ್ತಿತ್ತು.

ಒಂದು ಮಧ್ಯಾಹ್ನ ಸೂಜಿ ಅವಳ ಬೆರಳಿಗೇ ಇಳಿಯಿತು. ಅವನು ಓಡಿಬಂದು ಚಕ್ರ ಹಿಡಿದ.

"ಎಳೀಬೇಡಿ, ಸೂಜಿ ಒಳಗೇ ಮುರಿಯುತ್ತೆ. ನನ್ನ ಕಡೆ ನೋಡಿ."

ಚಕ್ರವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಸೂಜಿ ಮೇಲೆತ್ತಿದ. ಅವಳು ಅವನನ್ನೇ ನೋಡುತ್ತಿದ್ದಳು. ನೋವು ನೆನಪಾದದ್ದು ಆಮೇಲೆ!

"ಇವತ್ತು ಬೈಗುಳ ಇಲ್ವಾ?"

"ನಾಳೆ ಸೇರಿಸಿ ಬೈತೀನಿ," ಎಂದಳು. ಮುಖ ಮಾತ್ರ ಕೆಂಪೇರಿತ್ತು.

ಚಳಿ ಬಂತು. ಹರಿದ ಕೋಟುಗಳೂ ವಾಪಸು ಬಂದವು.

ಅಧಿಕಾರಿ ಅವನ್ನು ಅತ್ತೆಯ ಮುಂದೆ ಎಸೆದ. "ಇಲ್ಲಿ ಹಿರಿಯಳು ನೀನು. ಯಾರ ಕೆಲಸ ಇದು?"

ಪಿಸ್ತೂಲು ಹೊರಬಂತು. ಓಡಿಬಂದು ಅತ್ತೆಯನ್ನು ತಬ್ಬಿಹಿಡಿದ ಸೂಜಿಮೆಣಸಿಗೆ ತೋಚಿದ್ದು ಒಂದೇ ಸುಳ್ಳು.

"ತಪ್ಪು ನಮ್ಮದಲ್ಲ! ಮಷೀನು ಸಡಿಲ ಮಾಡಿದ್ದು ಆ ರಿಪೇರಿಯವನು. ಅವನನ್ನ ಕೇಳಿ!"

ರಿಪೇರಿಯವನು ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ... ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

"ಹೌದು ಸಾರ್. ನಾನೇ," ಎಂದ.

ಕಲ್ಲುಗಣಿಗೆ ಗಟ್ಟಿ ಆಳು ಬೇಕೆಂದು ಗುಂಡಿಕ್ಕದೆ ಅವನನ್ನು ಎಳೆದೊಯ್ದರು. ಅತ್ತೆ ನೆಲದ ಮೇಲೆ ಕೂತು ಬಾಯಿ ಮುಚ್ಚಿಕೊಂಡು ಅತ್ತಳು.

"ಅವನು ನಮ್ಮವನೇ ಕಣೇ! ನೆಟ್ಟಗೆ ಹೊಲಿದ ಕೋಟು ನಾನು ಎಲ್ಲಿಡ್ತೀನೋ ಅಲ್ಲಿಂದಲೇ ಪರೀಕ್ಷೆಗೆ ಎತ್ಕೊಂಡು ಹೋಗ್ತಿದ್ದ. ಅದಕ್ಕೇ ಇಷ್ಟು ದಿನ ಬದುಕಿದ್ವಿ."

"ಅತ್ತೆ... ನನಗ್ಯಾಕೆ ಹೇಳ್ಲಿಲ್ಲ?"

"ನಿನ್ನ ಮುಖದಲ್ಲಿ ಗುಟ್ಟು ನಿಲ್ಲಲ್ಲ ಅಂತ. ಈಗಲಾದ್ರೂ ನಾನು ಬಾಯಿ ಬಿಡಬೇಕಿತ್ತು... ಜೀವದಾಸೆ, ಬಿಡಲಿಲ್ಲ."

ಹರಿದದ್ದನ್ನೆಲ್ಲ ಹೊಲಿಯಬಲ್ಲ ಸೂಜಿಮೆಣಸಿಗೆ ಆಡಿದ ಮಾತನ್ನು ಹೇಗೆ ಬಿಚ್ಚುವುದೆಂದು ತಿಳಿಯಲಿಲ್ಲ. ಯುದ್ಧ ಮುಗಿಯಿತು, ಸೈನ್ಯ ಹೋಯಿತು. ಸೆರೆಯಾಳುಗಳ ಲಾರಿ ಬಂದಾಗಲೆಲ್ಲ ಅವಳು ಸೇತುವೆಗೆ ಓಡುತ್ತಿದ್ದಳು, ಒಬ್ಬಳೇ ಮರಳುತ್ತಿದ್ದಳು.

ಒಂದು ಸಂಜೆ ಲಾರಿಯಿಂದ ಕೊನೆಯವನಾಗಿ ಅವನು ಇಳಿದ. ಮೈ ಅರ್ಧಕ್ಕೆ ಇಳಿದಿತ್ತು. ಕಲ್ಲುಗಣಿಯಲ್ಲಿ ಜಜ್ಜಿದ ಬಲಗೈ ಬೆರಳುಗಳು ಮಡಚಿಕೊಳ್ಳುತ್ತಿರಲಿಲ್ಲ.

ಅವಳು ಆ ಕೈ ನೋಡಿದಳು. ಕಲಿತಿಟ್ಟ ಮಾತೆಲ್ಲ ಮರೆತುಹೋಯಿತು.

"ನಾನು... ಸುಳ್ಳು ಹೇಳ್ದೆ."

"ಗೊತ್ತು. ನಿಮ್ಮತ್ತೇನ ಹೇಗೆ ಹಿಡ್ಕೊಂಡಿದ್ರಿ ಅಂತ ನೋಡ್ದೆ. ನಾನಾಗಿದ್ರೂ ಹೇಳ್ತಿದ್ದೆ."

"ಹಾಗನ್ಬೇಡಿ! ಬೈದುಬಿಡಿ ಒಂದ್ಸಲ. ನಿಮ್ಮನ್ನ ಇಷ್ಟಪಟ್ಟೋಳೇ ನಿಮ್ಮನ್ನ ಹಿಡಿದುಕೊಟ್ಟೆ... ಕ್ಷಮಿಸ್ತೀರಾ?"

ಅವನು ತನ್ನ ಬಲಗೈ ನೋಡಿಕೊಂಡ.

"ಇನ್ನೂ ಆಗಿಲ್ಲ. ಸುಳ್ಳು ಹೇಳಲ್ಲ. ಕೆಲವು ದಿನ ಈ ಕೈ ತುಂಬಾ ನೋಯುತ್ತೆ, ಆಗ ನಿಮ್ಮ ಮೇಲೆ ಸಿಟ್ಟು ಬರುತ್ತೆ."

ಅವಳು ತಲೆ ತಗ್ಗಿಸಿದಳು.

"ಉಳಿದ ದಿನ?"

"ಉಳಿದ ದಿನ... ನೀವು ಎಲ್ಲಿದ್ದೀರಿ, ಹೇಗಿದ್ದೀರಿ ಅನ್ನೋದೇ ಯೋಚನೆ."

ಅವಳು ಆ ಜಜ್ಜಿದ ಕೈಯನ್ನು ಎರಡೂ ಅಂಗೈಗಳ ನಡುವೆ ತೆಗೆದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

"ಸಿಟ್ಟು ಬಂದ ದಿನಾನೂ ನಾನು ಹತ್ತಿರ ಇರಬಹುದಾ?"

"ಆ ದಿನವೇ ಇರಬೇಕು," ಎಂದ.